ಮನೇಲಿರೋ ಅಜ್ಜಿಗೆ ತಲೆ ತಿರುಗದ ಹಾಗೆ ರೈಡು, ಲೈಟ್ ಶೋ ವಿಡಿಯೋ ತೆಗೆಯೋದು ಹೇಗೆ?

ಪ್ರಶ್ನೆ: ಸಾರ್, ನಮ್ದು ಕೋಲಾರ ಜಿಲ್ಲೆ ಶ್ರೀನಿವಾಸಪುರ. ಬೇಸಿಗೆ ರಜೆಗೆ ತುಮಕೂರಿಂದ ಅಕ್ಕನ ಮಕ್ಕಳು ಬಂದಿದ್ರು, ಅವರನ್ನ ಕರ್ಕೊಂಡು ಒಂದಿನ ವಂಡರ್‌ಲಾಗೆ, ಇನ್ನೊಂದಿನ ಸಂಜೆ ಚಿಕ್ಕಬಳ್ಳಾಪುರದ ಆದಿಯೋಗಿ ಲೈಟ್ ಶೋಗೆ ಹೋಗಿದ್ವಿ. ಭಾವ ಅಮೆರಿಕದಿಂದ ತಂದ ಹಳೇ ಸೋನಿ ಹ್ಯಾಂಡಿಕ್ಯಾಮ್ ಇದೆ, ಒಳಗೇ ಹಾರ್ಡ್ ಡಿಸ್ಕ್ ಇರೋದು, ಅದರಲ್ಲೇ ತೆಗೆದೆ. ಟಿವಿಗೆ ಹಾಕಿ ನೋಡಿದ್ರೆ ರೈಡೆಲ್ಲ ಅಲ್ಲಾಡುತ್ತೆ, ಶೋನಲ್ಲಿ ಬರೀ ಬಿಳಿ ಬಿಳಿ ಮುದ್ದೆ, ಲೈಟುಗಳು ಮಿಣಮಿಣ ಅಂತ ಹೊಡ್ಕೊಳ್ತವೆ, ಗಾಳಿ ಸದ್ದು ಬಿಟ್ರೆ ಏನೂ ಕೇಳಲ್ಲ. ಊರ ಜಾತ್ರೆಲಿ ಕೊಲಂಬಸ್ (ತೂಗಾಡೋ ದೊಡ್ಡ ದೋಣಿ) ಹತ್ತಿ ಕೈಯಲ್ಲೇ ಹಿಡ್ಕೊಂಡು ತೆಗೆಯೋಕೆ ಹೋದೆ, ಮಧ್ಯದಲ್ಲಿ ರೆಕಾರ್ಡಿಂಗೇ ನಿಂತ್ಹೋಯ್ತು. ಅಜ್ಜಿಗೆ ಮಂಡಿ ನೋವು ಅಂತ ಬಂದಿರ್ಲಿಲ್ಲ, ಅವರಿಗೆ ತೋರಿಸೋಣ ಅಂತಾನೇ ಇದೆಲ್ಲ ತೆಗೆದಿದ್ದು, ಐದು ನಿಮಿಷಕ್ಕೇ "ತಲೆ ತಿರುಗ್ತೈತೆ, ಆಫ್ ಮಾಡಪ್ಪ" ಅಂದ್ಬಿಟ್ರು. ದಸರಾ ರಜೆಗೆ ಮತ್ತೆ ಹೋಗ್ತಿದ್ದೀವಿ. ಹೊಸ ಕ್ಯಾಮೆರಾ ತಗೋಬೇಕಾ? ತಲೆಗೆ ಕಟ್ಕೊಳ್ಳೋ ಆಕ್ಷನ್ ಕ್ಯಾಮೆರಾ ತಗೊಂಡ್ರೆ ಹೇಗೆ?

ಉತ್ತರ: ಹೊಸ ಕ್ಯಾಮೆರಾ ಏನೂ ಬೇಡ ಅಣ್ಣ, ದುಡ್ಡು ಇಟ್ಕೊಳಿ. ನಿಮ್ಮ ಹತ್ರ ಇರೋದೇ ಸಾಕು, ನಿಮ್ಮ ಪತ್ರದಲ್ಲಿ ಇರೋ ತೊಂದ್ರೆ ಒಂದೊಂದಕ್ಕೂ ಕಾರಣ ಇದೆ, ಮುಕ್ಕಾಲು ಭಾಗ ಕ್ಯಾಮೆರಾದ ಮೆನುನಲ್ಲೋ ನೀವು ನಿಂತ್ಕೊಳ್ಳೋ ಜಾಗದಲ್ಲೋ ಸರಿ ಹೋಗೋದೇ. ನಾನು ತುಮಕೂರಲ್ಲಿ ಇಪ್ಪತ್ತು ವರ್ಷದ ಮೇಲಾಯ್ತು ಮದುವೆ, ನಾಮಕರಣ, ಜಾತ್ರೆ, ಸ್ಕೂಲ್ ಡೇ ಅಂತ ವಿಡಿಯೋ ತೆಗೀತಾ ಬಂದಿದ್ದೀನಿ, ಗಂಟೆಗೊಂದು ಪುಟ್ಟ ಕ್ಯಾಸೆಟ್ ಬದಲಾಯಿಸ್ತಿದ್ದ ಮಿನಿ ಡಿವಿ ಕಾಲದಿಂದ. ನಿಮ್ಮ ಪ್ರಶ್ನೇಲಿ ನನಗೆ ಹಿಡಿಸಿದ್ದು ಅಜ್ಜಿಗೋಸ್ಕರ ತೆಗೆದೆ ಅಂದಿದ್ದು. ಹಾಗಾಗಿ ಈ ಉತ್ತರ ಪೂರ್ತಿ ಅಜ್ಜಿಯನ್ನ ಎದುರಿಗೆ ಕೂರಿಸ್ಕೊಂಡೇ ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಅವರಿಗೆ ತಲೆ ತಿರುಗಿದ್ದು ಯಾಕೆ ಅಂತ ನೋಡೋಣ. ಮನುಷ್ಯ ಬ್ಯಾಲೆನ್ಸ್ ಹಿಡಿಯೋದು ಕಣ್ಣು ಮತ್ತೆ ಒಳಗಿವಿ ಎರಡೂ ಸೇರಿ. ರೈಡ್ ಮೇಲೆ ಕೂತ ಹುಡುಗನಿಗೆ ಕಣ್ಣಿಗೂ ತಿರುಗೋದು ಕಾಣುತ್ತೆ, ಕಿವಿಗೂ ತಿರುಗೋದು ಗೊತ್ತಾಗುತ್ತೆ. ಅಜ್ಜಿ ಮಂಚದ ಮೇಲೆ ಕೂತಿದ್ದಾರೆ, ಮೈ ಅಲ್ಲಾಡ್ತಿಲ್ಲ, ಎದುರಿಗಿರೋ ದೊಡ್ಡ ಟಿವಿ ಮಾತ್ರ ಇಡೀ ಲೋಕವನ್ನೇ ಅಲ್ಲಾಡಿಸ್ತಿದೆ, ಕಣ್ಣು ಒಂದು ಹೇಳುತ್ತೆ ಕಿವಿ ಇನ್ನೊಂದು ಹೇಳುತ್ತೆ, ವಾಕರಿಕೆ ಬರದೇ ಇನ್ನೇನಾಗುತ್ತೆ. ಅದಕ್ಕೇ ಇಷ್ಟು ನೆನಪಿಟ್ಕೊಳಿ, ರೈಡ್ ಅಲ್ಲಾಡ್ಲಿ, ಕ್ಯಾಮೆರಾ ಅಲ್ಲಾಡೋದು ಬೇಡ. ಫ್ರೇಮಿನ ಅಂಚು ನಿಂತಿದ್ರೆ, ಹಿಂದಿನ ಮರ, ಕಂಬ, ಆಕಾಶ ಇದ್ದಲ್ಲೇ ಇದ್ರೆ, ಅದರೊಳಗೆ ರೈಡ್ ಎಷ್ಟು ಜೋರಾಗಿ ಹೋದ್ರೂ ಅಜ್ಜಿ ಆರಾಮಾಗಿ ನೋಡ್ತಾರೆ, ಅಷ್ಟೇ ಅಲ್ಲ, ಸ್ಪೀಡು ಇನ್ನೂ ಜಾಸ್ತಿನೇ ಕಾಣುತ್ತೆ, ಯಾಕಂದ್ರೆ ನಿಂತಿರೋದರ ಪಕ್ಕ ಇಟ್ಟು ನೋಡಿದಾಗಲೇ ಓಡೋದರ ವೇಗ ಗೊತ್ತಾಗೋದು.

ಇದರಿಂದ ಎರಡನೇ ಮಾತು ತಾನಾಗೇ ಬರುತ್ತೆ, ಕ್ಯಾಮೆರಾ ಹಿಡ್ಕೊಂಡು ರೈಡ್ ಹತ್ಬೇಡಿ. ಕೊಲಂಬಸ್ ಮೇಲೆ ನಿಮ್ಮ ರೆಕಾರ್ಡಿಂಗ್ ನಿಂತಿದ್ದು ಕ್ಯಾಮೆರಾ ಕೆಟ್ಟಿದ್ದಕ್ಕಲ್ಲ. ಹಾರ್ಡ್ ಡಿಸ್ಕ್ ಇರೋ ಹ್ಯಾಂಡಿಕ್ಯಾಮಲ್ಲಿ ಡ್ರಾಪ್ ಸೆನ್ಸರ್ ಅಂತ ಒಂದಿರುತ್ತೆ, ಕ್ಯಾಮೆರಾ ಕೈ ಜಾರಿ ಕೆಳಗೆ ಬೀಳ್ತಿದೆ ಅಂತ ಅದಕ್ಕೆ ಅನ್ನಿಸಿದ ತಕ್ಷಣ ತಿರುಗ್ತಿರೋ ಡಿಸ್ಕಿಗೆ ಏಟು ಬೀಳದಿರಲಿ ಅಂತ ರೆಕಾರ್ಡಿಂಗ್ ತಡೆಯುತ್ತೆ. ಕೊಲಂಬಸ್ ಮೇಲಿಂದ ಇಳಿಯುವಾಗ ಹೊಟ್ಟೆಯೆಲ್ಲ ಖಾಲಿ ಆದಂಗೆ ಆಗುತ್ತಲ್ಲ, ಆ ಕ್ಷಣ ಕ್ಯಾಮೆರಾ ಪಾಲಿಗೂ ಬೀಳೋದೂ ಒಂದೇ ಅದೂ ಒಂದೇ. ಮೆನುನಲ್ಲಿ ಆ ಸೆನ್ಸರ್ ಆಫ್ ಮಾಡೋ ಆಯ್ಕೆ ಕಾಣಿಸ್ಬಹುದು, ದಯವಿಟ್ಟು ಮುಟ್ಬೇಡಿ, ಅದು ಆಫ್ ಆಗಿದ್ದಾಗ ಒಂದು ಏಟು ಬಿದ್ರೂ ಡಿಸ್ಕ್ ಹೋಗುತ್ತೆ, ಅದರ ಜೊತೆ ಹಳೇದೆಲ್ಲ ಹೋಗುತ್ತೆ.

ಡಿಸ್ಕ್ ಹೋದ್ರೆ ಹೋಗ್ಲಿ ಅಂದ್ರೂ ಜನ ಇದ್ದಾರಲ್ಲ ಕೆಳಗೆ. ನಾನು ಒಂದು ಜಾತ್ರೇಲಿ ಬ್ರೇಕ್ ಡ್ಯಾನ್ಸ್ ರೈಡ್ ಪಕ್ಕ ನಿಂತು ತೆಗೀತಿದ್ದಾಗ ಮೇಲೆ ಕೂತಿದ್ದ ಒಬ್ಬ ಹುಡುಗನ ಕೈಯಿಂದ ಮೊಬೈಲ್ ಹಾರಿ ಬಂತು, ಟಪ್ ಅಂತ ನನ್ನಿಂದ ಎರಡು ಮಾರು ದೂರದಲ್ಲಿ ತಗಡಿನ ಬೇಲಿಗೆ ಹೊಡೆದು ಬಿತ್ತು, ತಗಡು ಒಳಗೆ ತಗ್ಗಿಹೋಗಿತ್ತು. ಆ ತಗಡಿಗೆ ಒರಗಿಕೊಂಡು ಒಬ್ಬ ತಾಯಿ ಮಗು ಎತ್ಕೊಂಡು ನಿಂತಿದ್ರು, ಬಿದ್ದ ಜಾಗಕ್ಕೂ ಅವರಿಗೂ ಒಂದು ಗೇಣು ಅಂತರ. ಇವತ್ತಿಗೂ ಆ ಸದ್ದು ನೆನಪಾದ್ರೆ ಮೈ ಜುಮ್ ಅನ್ನುತ್ತೆ. ಲೆಕ್ಕ ಹಾಕಿ ನೋಡಿ, ಹತ್ತು ಮೀಟರ್ ಅಂದ್ರೆ ಹತ್ರಹತ್ರ ಮೂರು ಅಂತಸ್ತಿನ ಮನೆ ಎತ್ತರ, ಅಲ್ಲಿಂದ ಸುಮ್ಮನೆ ಬಿಟ್ಟ ವಸ್ತು ನೆಲಕ್ಕೆ ಬರೋ ಹೊತ್ತಿಗೆ ಗಂಟೆಗೆ 50 ಕಿಲೋಮೀಟರ್ ವೇಗ, ಇಪ್ಪತ್ತು ಮೀಟರಿಂದ ಆದ್ರೆ 70, ರೈಡ್ ಎಸೆದ ವೇಗ ಇದರ ಮೇಲೆ ಬೇರೆ. ಕಾಲು ಕೇಜಿ ತೂಕದ ಕ್ಯಾಮೆರಾ ಆ ವೇಗದಲ್ಲಿ ಯಾರದಾದ್ರೂ ತಲೆಗೆ ಬಿದ್ರೆ ಮುಗೀತು. ದೊಡ್ಡ ಪಾರ್ಕುಗಳಲ್ಲಿ ಕೈಯಲ್ಲಿರೋ ಸಾಮಾನೆಲ್ಲ ಕೆಳಗೇ ಇಡಿಸ್ಕೊಳ್ಳೋದು ಇದಕ್ಕೇ, ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ 2015ರಲ್ಲೇ ಸೆಲ್ಫಿ ಸ್ಟಿಕ್ ಒಳಗೆ ತರೋದನ್ನೇ ನಿಲ್ಲಿಸಿದ್ರು.

ಆಕ್ಷನ್ ಕ್ಯಾಮೆರಾ ಬೇಡ ಅಂದಿದ್ದೂ ಈ ಕಾರಣಕ್ಕೇ. ತಲೆಗೆ ಎದೆಗೆ ಕಟ್ಕೊಂಡು ಹತ್ತೋಕೆ ಬಹಳ ಕಡೆ ಬಿಡೋದೂ ಇಲ್ಲ, ಬಿಟ್ರೂ ಅದರಲ್ಲಿ ಬರೋದು ಏನು, ಎದುರಿನ ಹಳಿ ಮತ್ತೆ ಮುಂದಿನ ಸೀಟಿನವರ ಬುರುಡೆ. ಅಜ್ಜಿಗೆ ಬೇಕಾಗಿರೋದು ಮೊಮ್ಮಗಳ ಮುಖ. ಅವಳು ಹೆದರಿದ್ಲಾ, ನಕ್ಕಳಾ, ಇಳಿದ ಮೇಲೆ ಕಾಲು ನಡುಗ್ತಿತ್ತಾ, ಇಷ್ಟೇ ಅವರು ಕೇಳೋದು. ಅದು ಕೆಳಗೆ ನಿಂತವನಿಗೆ ಮಾತ್ರ ಸಿಗುತ್ತೆ.

ಈಗ ನಿಂತು ತೆಗೆಯೋ ವಿದ್ಯೆಗೆ ಬರೋಣ, ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ಈ ಕೆಲಸದ ಜೀವ ಇರೋದೇ ಇಲ್ಲಿ. ರೈಡ್ ಅನ್ನೋದು ಗಡಿಯಾರದ ಥರ. ಮದುವೇಲಿ ತಾಳಿ ಒಂದೇ ಸಲ ಕಟ್ಟೋದು, ತಪ್ಪಿದ್ರೆ ತಪ್ಪಿತು, ಆದ್ರೆ ಕೋಸ್ಟರ್ ಬೆಳಗ್ಗೆಯಿಂದ ಸಂಜೆವರೆಗೂ ಅದೇ ಹಳಿ ಮೇಲೆ, ಅದೇ ತಿರುವಲ್ಲಿ, ಹೆಚ್ಚುಕಡಿಮೆ ಅಷ್ಟೇ ಸೆಕೆಂಡಿಗೆ ಬರ್ತಾನೇ ಇರುತ್ತೆ. ಹಾಗಾಗಿ ಹೋದ ತಕ್ಷಣ ಕ್ಯಾಮೆರಾ ಆನ್ ಮಾಡ್ಬೇಡಿ. ಕೈಕಟ್ಟಿ ನಿಂತು ಎರಡು ಮೂರು ರೌಂಡ್ ಸುಮ್ಮನೆ ನೋಡಿ, ಮನಸ್ಸಲ್ಲೇ ಎಣಿಸಿ, ಹೊರಟ ಎಷ್ಟು ಎಣಿಕೆಗೆ ಮೇಲೆ ತಲುಪುತ್ತೆ, ಎಷ್ಟಕ್ಕೆ ಕೆಳಗೆ ಬೀಳುತ್ತೆ, ಯಾವ ಜಾಗದಲ್ಲಿ ಜನ ಕಿರುಚ್ತಾರೆ, ಯಾವ ಜಾಗದಲ್ಲಿ ಮುಖ ನಿಮ್ಮ ಕಡೆ ತಿರುಗುತ್ತೆ.

ಆಮೇಲೆ ಮಕ್ಕಳು ಕ್ಯೂನಲ್ಲಿ ನಿಂತಿರ್ತಾರಲ್ಲ, ಆ ಅರ್ಧ ಗಂಟೆ ನಿಮ್ಮ ಕೆಲಸದ ಹೊತ್ತು. ಬೇರೆಯವರು ಕೂತಿರೋ ರೌಂಡುಗಳಲ್ಲಿ ದೂರದ ಶಾಟುಗಳನ್ನೆಲ್ಲ ತೆಗೆದುಬಿಡಿ, ಒಂದು ರೌಂಡಲ್ಲಿ ದೂರದಿಂದ ಇಡೀ ರೈಡು, ಇನ್ನೊಂದರಲ್ಲಿ ಕೆಳಗಿಂದ ಮೇಲಕ್ಕೆ ನೋಡಿದಂಗೆ ಹಳಿ, ಇನ್ನೊಂದರಲ್ಲಿ ಬರೀ ತಿರುವು. ಅಷ್ಟು ದೂರದಿಂದ ಯಾರು ಕೂತಿದ್ದಾರೆ ಅಂತ ಯಾರಿಗೂ ಗೊತ್ತಾಗಲ್ಲ. ನಿಮ್ಮ ಮಕ್ಕಳು ಕೂತ ರೌಂಡಲ್ಲಿ ಮುಖ ಮಾತ್ರ ಹಿಡೀರಿ, ಹೊರಡೋ ಮುಂಚೆ ಒಂದು, ಮಧ್ಯದಲ್ಲಿ ನೀವು ಗುರುತು ಹಾಕಿಟ್ಕೊಂಡ ಒಂದೇ ಜಾಗದಲ್ಲಿ ಒಂದು, ಇಳಿದು ಓಡಿ ಬರುವಾಗ ಒಂದು. ಮನೇಲಿ ಜೋಡಿಸಿದಾಗ ಐದು ಕ್ಯಾಮೆರಾ ಇಟ್ಟು ತೆಗೆದಂಗೆ ಕಾಣುತ್ತೆ, ಇದ್ದಿದ್ದು ಒಂದೇ ಕ್ಯಾಮೆರಾ. ಮುಂದಕ್ಕೆ ಹೋಗಿ ಅದೇ ಹಳಿ ಮೇಲೆ ಹಿಂದಕ್ಕೆ ಬರೋ ಕೋಸ್ಟರ್ ಆದ್ರಂತೂ, ವಂಡರ್‌ಲಾದ ರಿಕಾಯಿಲ್ ಆ ಜಾತಿದು, ನಿಂತಲ್ಲೇ ಎರಡು ಅವಕಾಶ, ಹೋಗುವಾಗ ತಪ್ಪಿದ್ದು ಬರುವಾಗ ಸಿಗುತ್ತೆ.

ಕೊಲಂಬಸ್ ಬಗ್ಗೆ ಬೇರೆಯಾಗೇ ಹೇಳ್ಬೇಕು, ನಿಮ್ಮೂರ ಜಾತ್ರೇಲೂ ಇರುತ್ತೆ, ದೊಡ್ಡ ಪಾರ್ಕಲ್ಲೂ ಇರುತ್ತೆ. ಎಲ್ಲರೂ ಮಾಡೋದು ಪಕ್ಕಕ್ಕೆ ನಿಂತು ದೋಣಿ ಜೊತೆ ಕ್ಯಾಮೆರಾನೂ ಎಡಕ್ಕೆ ಬಲಕ್ಕೆ ಆಡಿಸೋದು, ತಲೆ ತಿರುಗೋಕೆ ಅದಕ್ಕಿಂತ ಒಳ್ಳೇ ದಾರಿ ಇಲ್ಲ. ನೀವು ದೋಣಿಯ ಒಂದು ಮೂತಿ ಕಡೆ, ಬೇಲಿಯಿಂದ ಹೊರಗೆ ದೂರ ಹೋಗಿ ನಿಂತ್ಕೊಳಿ, ಎದುರಿನ ತುದಿ ಮೇಲೆ ಎದ್ದಾಗ ಆ ಕಡೆ ಕೂತವರ ಮುಖ ನಿಮ್ಮ ಕಡೆಗೇ ಇರುತ್ತೆ. ತೂಗುಯ್ಯಾಲೆ ಯಾವುದೇ ಆಗ್ಲಿ ತುದಿಗೆ ಹೋದಾಗ ಒಂದು ಕ್ಷಣ ನಿಲ್ಲುತ್ತೆ, ಮೇಲೆ ಹೋಗೋದು ಮುಗಿದು ಕೆಳಗೆ ಬರೋದು ಶುರುವಾಗೋ ಮಧ್ಯೆ ವೇಗ ಸೊನ್ನೆ. ಆ ಎದುರಿನ ತುದಿ ಎದ್ದು ನಿಲ್ಲೋ ಜಾಗಕ್ಕೆ ಮೊದಲೇ ಜೂಮ್ ಮಾಡಿಟ್ಟು, ಫೋಕಸ್ ಹಿಡಿದು, ಖಾಲಿ ಆಕಾಶವನ್ನೇ ರೆಕಾರ್ಡ್ ಮಾಡ್ತಾ ಕಾಯಿರಿ. ದೋಣಿ ತಾನಾಗೇ ಫ್ರೇಮಿಗೆ ಎದ್ದು ಬರುತ್ತೆ, ಸಾಲು ಸಾಲು ಮುಖ, ಒಂದು ಕ್ಷಣ ಎಲ್ಲಾ ನಿಂತಂಗೆ, ಗಾಳಿಗೆ ಎದ್ದ ಜಡೆ ಮುಂದಕ್ಕೆ ಬಂದು ಮುಖದ ಮೇಲೆ ಬೀಳೋದೂ ಕಾಣುತ್ತೆ, ಆಮೇಲೆ ಜಾರಿ ಕೆಳಗೆ ಹೋಗುತ್ತೆ, ಮತ್ತೆ ಖಾಲಿ ಆಕಾಶ. ಸಿದ್ಧಗಂಗಾ ಜಾತ್ರೇಲಿ ಹೀಗೆ ತೆಗೆದ ಒಂದು ಶಾಟ್ ಇದೆ ನನ್ನ ಹತ್ರ, ಎರಡನೇ ಸಾಲಲ್ಲಿ ಕೂತ ಪುಟ್ಟ ಹುಡುಗಿ ಮೊದಲನೇ ಸಲ ಮೇಲೆ ಬಂದಾಗ ಕಣ್ಣು ಗಟ್ಟಿ ಮುಚ್ಚಿದ್ದಾಳೆ, ಎರಡನೇ ಸಲ ಒಂದು ಕಣ್ಣು ತೆಗೆದಿದ್ದಾಳೆ, ಐದನೇ ಸಲಕ್ಕೆ ಎರಡೂ ಕೈ ಮೇಲೆ. ಕ್ಯಾಮೆರಾ ಒಂದು ಇಂಚೂ ಅಲ್ಲಾಡಿಲ್ಲ. ಅವರ ಮನೆಯವರು ಅದನ್ನ ಎಷ್ಟು ಸಲ ಹಾಕಿಸ್ಕೊಂಡು ನೋಡಿದ್ರೋ.

ಜೈಂಟ್ ವೀಲ್‌ಗೂ ಇದೇ ಬುದ್ಧಿ, ಎದುರಿಗೆ ನಿಂತ್ರೆ ಚಕ್ರ ಕಾಣುತ್ತೆ, ಅಂಚಿನ ಕಡೆ ನಿಂತ್ರೆ ತೊಟ್ಟಿಲುಗಳು ಒಂದೊಂದಾಗಿ ಎದುರಿಗೆ ಇಳಿದು ಬರ್ತವೆ, ಮುಖ ಬೇಕು ಅಂದ್ರೆ ಅಂಚೇ ಸರಿ. ಮೇಲಿಂದ ಧಡ್ ಅಂತ ಬಿಡೋ ಟವರ್ ರೈಡ್ ಇದ್ರೆ ಅದರ ಜೊತೆ ಕ್ಯಾಮೆರಾ ಇಳಿಸೋಕೆ ಹೋಗ್ಬೇಡಿ, ಯಾರ ಕೈಗೂ ಆಗಲ್ಲ ಅದು, ಇಡೀ ಟವರ್ ಫ್ರೇಮಲ್ಲಿಟ್ಟು ಬೀಳೋಕೆ ಬಿಡಿ.

ಸ್ಟ್ಯಾಂಡ್ ಬಹಳ ಪಾರ್ಕುಗಳಲ್ಲಿ ಒಳಗೆ ಬಿಡಲ್ಲ, ಜನ ಎಡವಿ ಬೀಳ್ತಾರೆ ಅಂತ, ಸರೀನೇ ಅದು. ನೀರಿನ ರೈಡಿಗೆ ಅಂತ ಟವೆಲ್ ತಗೊಂಡೇ ಹೋಗಿರ್ತೀರಲ್ಲ, ಅದನ್ನ ನಾಲ್ಕು ಮಡಿಕೆ ಮಾಡಿ ಕಟ್ಟೆ ಮೇಲೋ ರೇಲಿಂಗ್ ಮೇಲೋ ಇಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿ, ಒಳ್ಳೇ ಸ್ಟ್ಯಾಂಡೇ ಸರಿ, ರೇಲಿಂಗಿನ ನಡುಕಾನೂ ಟವೆಲ್ ನುಂಗುತ್ತೆ. ಆದ್ರೆ ರೈಡಿನ ಬೇಲಿಗೆ ಮಾತ್ರ ಇಡಬೇಡಿ, ಕೈ ಆಚೆ ಚಾಚಲೂ ಬೇಡಿ. ಏನೂ ಸಿಗಲಿಲ್ಲ ಅಂದ್ರೆ ಎರಡೂ ಮೊಣಕೈ ಪಕ್ಕೆಗೆ ಒತ್ತಿ, ಗೋಡೆಗೆ ಬೆನ್ನು ಕೊಟ್ಟು, ಉಸಿರು ನಿಧಾನ ಬಿಡ್ತಾ ಹತ್ತು ಎಣಿಸೋವರೆಗೂ ಹಿಡೀರಿ. ಹತ್ತು ಸೆಕೆಂಡ್ ಕೈಯಲ್ಲಿ ಹಿಡಿದಾಗ ಬಹಳ ಉದ್ದ ಅನ್ನಿಸುತ್ತೆ, ಟಿವಿಲಿ ನೋಡುವಾಗ ಅಷ್ಟೇನೂ ಇಲ್ಲ. ಕೈ ನಡುಕ ಕಮ್ಮಿ ಮಾಡೋ ಸ್ಟೆಡಿಶಾಟ್ ಅನ್ನೋ ಆಯ್ಕೆ ಆನ್ ಇರಲಿ. ಜೂಮ್ ವಿಚಾರ, ಕ್ಯಾಮೆರಾ ಮೈಮೇಲೆ 60 ಪಟ್ಟು, 2000 ಪಟ್ಟು ಅಂತ ಸ್ಟಿಕ್ಕರ್ ಇರುತ್ತಲ್ಲ ಕೆಲವಕ್ಕೆ, ಅದರಲ್ಲಿ ಚಿಕ್ಕ ನಂಬರ್ ಮಾತ್ರ ನಿಜವಾದ ಲೆನ್ಸಿನ ಜೂಮು, ದೊಡ್ಡದು ಇರೋ ಚಿತ್ರಾನೇ ಹಿಗ್ಗಿಸೋದು. ಮೆನುಗೆ ಹೋಗಿ ಡಿಜಿಟಲ್ ಜೂಮ್ ಆಫ್ ಮಾಡಿಬಿಡಿ. ಇರೋ ಜೂಮನ್ನೂ ರೆಕಾರ್ಡಿಂಗ್ ನಡೀವಾಗ ಒಳಗೆ ಹೊರಗೆ ಎಳೀಬೇಡಿ, ಜೂಮ್ ಮಾಡಿ ನಿಲ್ಲಿಸಿ ಆಮೇಲೆ ರೆಕಾರ್ಡ್ ಒತ್ತಿ.

ಇನ್ನು ಲೈಟ್ ಶೋ. ಚಿಕ್ಕಬಳ್ಳಾಪುರದ ಆವಲಗುರ್ಕಿ ಹತ್ರ ಇರೋ ಆದಿಯೋಗಿ 112 ಅಡಿ, 2023ರ ಜನವರಿ 15ಕ್ಕೆ ಅನಾವರಣ ಆಗಿದ್ದು, ಸಂಜೆ ಕತ್ತಲಾದ ಮೇಲೆ ಆ ಪ್ರತಿಮೆ ಮೇಲೇ ಬೆಳಕಿನ ಚಿತ್ರ ಬೀಳಿಸ್ತಾರೆ. ಕ್ಯಾಮೆರಾ ಕಣ್ಣಿಗೆ ಇದು ಏನಾಗಿ ಕಾಣುತ್ತೆ ಅಂದ್ರೆ ಮುಕ್ಕಾಲು ಫ್ರೇಮು ಕಪ್ಪು ಆಕಾಶ, ನಡುವೆ ಒಂದು ಹೊಳೆಯೋ ಮುಖ. ಎಷ್ಟು ಬೆಳಕು ಬೇಕು ಅಂತ ತಾನೇ ತೀರ್ಮಾನಿಸೋ ಆಟೋ ಎಕ್ಸ್‌ಪೋಷರ್ ಇಡೀ ಫ್ರೇಮಿನ ಸರಾಸರಿ ತೆಗೆದು, ಅಯ್ಯೋ ಬಹಳ ಕತ್ತಲಿದೆ ಅಂತ ಬೆಳಕು ಏರಿಸುತ್ತೆ, ಆಕಾಶ ಕಪ್ಪು ಹೋಗಿ ಬೂದಿ ಬಣ್ಣ ಆಗುತ್ತೆ, ಮುಖ ಬಿಳಿ ಮುದ್ದೆ ಆಗುತ್ತೆ. ನಿಮ್ಮ ತೊಂದ್ರೆ ಇದೇ. ಹ್ಯಾಂಡಿಕ್ಯಾಮ್ ಮೆನುನಲ್ಲಿ ಸೀನ್ ಸೆಲೆಕ್ಷನ್ ಒಳಗೆ ಸ್ಪಾಟ್‌ಲೈಟ್ ಅಂತ ಒಂದು ಇರುತ್ತೆ, ಸ್ಟೇಜ್ ಮೇಲೆ ಜೋರು ಬೆಳಕು ಬಿದ್ದ ಮುಖ ಬಿಳಿಚಿಹೋಗದೇ ಇರಲಿ ಅಂತಾನೇ ಮಾಡಿರೋದು, ಅದನ್ನ ಹಾಕಿ. ಇಲ್ಲಾಂದ್ರೆ ಎಕ್ಸ್‌ಪೋಷರ್ ಮ್ಯಾನುಯಲ್‌ಗೆ ತಂದು ಹೊಳೆಯೋ ಭಾಗದಲ್ಲಿ ಗೆರೆ, ಬಣ್ಣ ಕಾಣೋವರೆಗೂ ಇಳಿಸಿ, ಸುತ್ತ ಎಲ್ಲಾ ಕಪ್ಪಾದ್ರೂ ಚಿಂತೆ ಇಲ್ಲ, ಅಲ್ಲಿ ನಿಜವಾಗ್ಲೂ ಕಪ್ಪೇ ಇತ್ತಲ್ಲ. ಮೊಬೈಲಲ್ಲಾದ್ರೆ ಹೊಳೆಯೋ ಜಾಗದ ಮೇಲೆ ಬೆರಳಿಟ್ಟು ಒತ್ತಿ ಹಿಡಿದು ಲಾಕ್ ಮಾಡಿ ಬೆರಳನ್ನ ಕೆಳಕ್ಕೆ ಎಳೆದ್ರೆ ಇದೇ ಕೆಲಸ ಆಗುತ್ತೆ.

ಫೋಕಸ್ಸೂ ಆಟೋದಲ್ಲಿ ಬಿಡಬೇಡಿ. ಕತ್ತಲಾಗಿ ಬೆಳಕಾಗಿ ಹೊಗೆ ಬಂದು ಹೋಗುವಾಗ ಅದಕ್ಕೆ ಯಾವುದನ್ನ ಹಿಡೀಬೇಕು ಅಂತ ಗೊತ್ತಾಗದೆ ಹಿಂದೆ ಮುಂದೆ ಹುಡುಕ್ತಾನೇ ಇರುತ್ತೆ, ಚಿತ್ರ ಮಂಜಾಗಿ ತಿಳಿಯಾಗಿ ಮಂಜಾಗಿ ಹೋಗುತ್ತೆ. ಇನ್ನೂ ಬೆಳಕಿರುವಾಗಲೇ ಹೋಗಿ ಕೂತು, ಪ್ರತಿಮೆಗೆ ಫೋಕಸ್ ಮಾಡಿ, ಮ್ಯಾನುಯಲ್‌ಗೆ ಹಾಕಿ ಬಿಟ್ಬಿಡಿ. ಬಣ್ಣ ಸರಿಹೊಂದಿಸೋ ವೈಟ್ ಬ್ಯಾಲೆನ್ಸನ್ನ ಸೂರ್ಯನ ಚಿತ್ರ ಇರೋ ಔಟ್‌ಡೋರ್‌ಗೆ ಇಡಿ, ಆಟೋದಲ್ಲಿದ್ರೆ ಶೋನವರು ಬೇಕು ಅಂತಾನೇ ಹಾಕಿದ ನೀಲಿ, ಕೇಸರಿಯನ್ನೆಲ್ಲ ಸರಿಮಾಡೋಕೆ ಹೋಗಿ ಕೆಡಿಸುತ್ತೆ. ನೈಟ್‌ಶಾಟ್ ಅಂತ ಬಟನ್ ಇದ್ರೆ ಕತ್ತಲು ಅಂತ ಅದನ್ನ ಒತ್ಬೇಡಿ, ಎಲ್ಲಾ ಹಸಿರಾಗುತ್ತೆ, ಅದರ ಇನ್‌ಫ್ರಾರೆಡ್ ದೀಪ ಮೂರು ಮೀಟರ್ ದಾಟಿ ಹೋಗೋದೇ ಕಷ್ಟ. ಕೂರೋದು ನಡುವೆ, ಹಿಂದೆ. ಪ್ರತಿಮೆ ಪೂರ್ತಿ ಬರಬೇಕು, ಕೆಳಗೆ ಒಂದು ಸಾಲು ಜನರ ತಲೆನೂ ಬರಲಿ, ಆ ತಲೆಗಳು ಇದ್ರೇನೇ 112 ಅಡಿ ಅಂದ್ರೆ ಎಷ್ಟು ಅಂತ ಅಜ್ಜಿಗೆ ಗೊತ್ತಾಗೋದು.

ಲೇಸರ್ ಬಗ್ಗೆ ಒಂದು ಎಚ್ಚರಿಕೆ, ಇದನ್ನ ಬಹಳ ಜನ ತಿಳ್ಕೊಂಡಿಲ್ಲ. ಯಾವ ಶೋನಲ್ಲೇ ಆಗ್ಲಿ ಲೇಸರ್ ಕಿರಣ ಪಕ್ಕದಲ್ಲಿ ಹಾದು ಹೋಗ್ತಿದ್ರೆ, ಗೋಡೆ ಮೇಲೆ, ಹೊಗೆ ಮೇಲೆ ಬೀಳ್ತಿದ್ರೆ ತೆಗೀರಿ, ನೇರ ನಿಮ್ಮ ಲೆನ್ಸಿಗೇ ಬರ್ತಿದ್ರೆ ಕ್ಯಾಮೆರಾ ಕೆಳಗಿಳಿಸಿ. ಲೆನ್ಸ್ ಆ ಕಿರಣವನ್ನ ಸೆನ್ಸರ್ ಮೇಲೆ ಒಂದು ಚುಕ್ಕೆಗೆ ತಂದು ನಿಲ್ಲಿಸುತ್ತೆ, ಕ್ಷಣಾರ್ಧದಲ್ಲಿ ಅಷ್ಟು ಜಾಗ ಸುಟ್ಟುಹೋಗಬಹುದು, ಆಮೇಲೆ ಎಲ್ಲಾ ವಿಡಿಯೋದಲ್ಲೂ ಒಂದು ಬಿಳಿ ಚುಕ್ಕೆ ಅಥವಾ ಗೆರೆ ಕಾಯಂ. ನಮ್ಮ ಕಡೆ ಒಂದು ಡಿಜೆ ಪ್ರೋಗ್ರಾಮಲ್ಲಿ ನನ್ನ ಜೊತೆಗಾರನ ಕ್ಯಾಮೆರಾ ಹೀಗೇ ಹೋಯ್ತು, ರಿಪೇರಿಗಿಂತ ಬೇರೆ ತಗೊಳ್ಳೋದೇ ವಾಸಿ ಅಂದ್ರು.

ಲೈಟುಗಳು ಮಿಣಮಿಣ ಹೊಡ್ಕೊಳ್ಳೋದು, ಇದು ನಿಮ್ಮ ಕ್ಯಾಮೆರಾ ಅಮೆರಿಕದ್ದು ಅನ್ನೋದರಿಂದ ಬಂದಿರೋದು. ನಮ್ಮ ಕರೆಂಟು 50 ಹರ್ಟ್ಸ್, ಅದರ ಮೇಲೆ ಉರಿಯೋ ಸಾದಾ ದೀಪ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತೆ, ಕಣ್ಣಿಗೆ ಗೊತ್ತಾಗಲ್ಲ. ಅಮೆರಿಕದ್ದು 60 ಹರ್ಟ್ಸ್, ಅಲ್ಲಿಯ ಕ್ಯಾಮೆರಾ ಸೆಕೆಂಡಿನ 60ರಲ್ಲೊಂದು ಭಾಗದಷ್ಟು ಹೊತ್ತು ಕಣ್ಣು ಬಿಟ್ಟು ಮುಚ್ಚುತ್ತೆ. ಆ ಹೊತ್ತಲ್ಲಿ ನಮ್ಮ ದೀಪದ ಒಂದೂಮುಕ್ಕಾಲಿಗಿಂತ ಸ್ವಲ್ಪ ಕಮ್ಮಿ ಏರಿಳಿತ ಸಿಗುತ್ತೆ, ಪೂರ್ತಿ ಲೆಕ್ಕ ಕೂಡಿ ಬರಲ್ಲ, ಒಂದು ಸಲ ಜಾಸ್ತಿ ಬೆಳಕು ಒಂದು ಸಲ ಕಮ್ಮಿ, ಅದೇ ಮಿಣಮಿಣ. ಹಾಗೆ ಕಣ್ಣು ಬಿಡೋ ಹೊತ್ತಿಗೇ ಶಟರ್ ಸ್ಪೀಡ್ ಅನ್ನೋದು, ಅದನ್ನ 1/50 ಸೆಕೆಂಡಿಗೆ ಇಟ್ರೆ ಸರಿಯಾಗಿ ಎರಡು, 1/100 ಇಟ್ರೆ ಸರಿಯಾಗಿ ಒಂದು, ಆಗ ನಿಲ್ಲುತ್ತೆ. ನಿಮ್ಮ ಮಾಡೆಲಲ್ಲಿ ಶಟರ್ ಸ್ಪೀಡ್ ಆಯ್ಕೆ ಇದ್ರೆ 1/100 ಹಾಕಿ. ಇಲ್ಲದೇ ಇದ್ರೆ, ಹಾರ್ಡ್ ಡಿಸ್ಕ್ ಮಾಡೆಲುಗಳಲ್ಲಿ ಬಹಳಷ್ಟಕ್ಕೆ ಇರಲ್ಲ, ಸೀರಿಯಲ್ ಸೆಟ್ ಉರಿಯೋ ಜೈಂಟ್ ವೀಲು, ಎಲ್‌ಇಡಿ ಬೋರ್ಡು ಇರೋ ಭಾಗ ಅಷ್ಟನ್ನ ಮೊಬೈಲಲ್ಲಿ ತೆಗೀರಿ, ಪ್ರೊ ವಿಡಿಯೋ ಮೋಡಲ್ಲಿ ಸೆಕೆಂಡಿಗೆ 30 ಫ್ರೇಮು, ಶಟರ್ 1/50 ಅಥವಾ 1/100. ಮೂವತ್ತೇ ಯಾಕೆ ಅಂದ್ರೆ ನಿಮ್ಮ ಹ್ಯಾಂಡಿಕ್ಯಾಮ್ ಲೆಕ್ಕಾನೂ ಹೆಚ್ಚುಕಡಿಮೆ ಅದೇ, ಒಂದರಲ್ಲಿ 25 ಇನ್ನೊಂದರಲ್ಲಿ 30 ತೆಗೆದು ಸೇರಿಸಿದ್ರೆ ಓಡೋ ರೈಡು ಎಡವಿ ಎಡವಿ ಓಡಿದಂಗೆ ಕಾಣುತ್ತೆ. ಹಗಲಲ್ಲಿ ಈ ತಲೆನೋವೇ ಇಲ್ಲ, ಸೂರ್ಯನ ಬೆಳಕಿಗೆ ಹರ್ಟ್ಸ್ ಇಲ್ಲ. ಚಾರ್ಜರ್ ಬಗ್ಗೆ ಹೆದರ್ಬೇಡಿ, ಅದರ ಮೇಲೆ 100-240 ವೋಲ್ಟ್ ಅಂತ ಬರೆದಿದ್ರೆ ನಮ್ಮ ಪ್ಲಗ್ಗಿಗೆ ಪಿನ್ ಬದಲಾಯಿಸಿದ್ರೆ ಸಾಕು.

ಸೌಂಡ್. ಚಿತ್ರ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಜನ ನೋಡ್ತಾರೆ, ಸೌಂಡ್ ಕೆಟ್ರೆ ಎದ್ದು ಹೋಗ್ತಾರೆ, ನನ್ನ ಅನುಭವದಲ್ಲಿ ಇದು ತಪ್ಪಿದ್ದೇ ಇಲ್ಲ. ಗಾಳಿ ಸದ್ದಿಗೆ ಕ್ಯಾಮೆರಾದ ಮೈಕ್ ತೂತುಗಳು ಎಲ್ಲಿವೆ ಅಂತ ಮೊದಲು ಹುಡುಕಿ, ಲೆನ್ಸಿನ ಕೆಳಗೋ ಮೇಲೋ ಇರ್ತವೆ, ಅದರ ಮೇಲೆ ತೆಳ್ಳಗೆ ಕತ್ತರಿಸಿದ ಸ್ಪಾಂಜ್ ತುಂಡು, ಅದಕ್ಕಿಂತ ಒಳ್ಳೇದು ಮಕ್ಕಳ ಹಳೇ ಟೆಡ್ಡಿ ಗೊಂಬೆಯ ರೋಮದ ಬಟ್ಟೆ, ಬೆರಳಗಲ ತುಂಡು, ಅಂಚಿಗೆ ಮಾತ್ರ ಟೇಪ್ ಹಾಕಿ ಅಂಟಿಸಿ. ತೂತಿನ ಮೇಲೆ ಟೇಪ್ ಬರಬಾರದು, ಬೆರಳೂ ಬರಬಾರದು. ಆಮೇಲೆ ಮೈಕ್ ಲೆವೆಲ್ ಅನ್ನೋದು ಮೆನುನಲ್ಲಿ ನಾರ್ಮಲ್, ಲೋ ಅಂತ ಇದ್ರೆ ಜೋರು ಸದ್ದಿನ ಶೋಗೆ ಲೋ ಹಾಕಿ, ಇಲ್ಲಾಂದ್ರೆ ಸ್ಪೀಕರ್ ಸದ್ದೆಲ್ಲ ಬಿರುಕು ಬಿಟ್ಟಂಗೆ ಕೇಳುತ್ತೆ.

ಮತ್ತೆ ಒಂದು ಕೆಲಸ ಮರೀದೇ ಮಾಡಿ, ಚಿತ್ರದ ಕಡೆ ಗಮನವೇ ಕೊಡದೆ ರೈಡ್ ಪಕ್ಕ ನಿಂತು ಒಂದು ರೌಂಡ್ ಪೂರ್ತಿ ಬರೀ ಸೌಂಡಿಗೋಸ್ಕರ ರೆಕಾರ್ಡ್ ಮಾಡ್ಕೊಳಿ. ಚೈನ್ ಎಳೆಯೋ ಕೋಸ್ಟರ್ ಏರುವಾಗ ಟಕ ಟಕ ಟಕ ಅಂತ ಬರುತ್ತಲ್ಲ, ಅದು ಗಾಡಿ ಹಿಂದಕ್ಕೆ ಜಾರದಂಗೆ ಹಲ್ಲಿಗೆ ಹಲ್ಲು ಕಚ್ಚಿಕೊಳ್ಳೋ ಕೊಕ್ಕೆಯ ಸದ್ದು, ಅಂದ್ರೆ ಹೆದರಿಸೋ ಆ ಸದ್ದು ಕಾಪಾಡೋ ಸದ್ದೇ, ಅಜ್ಜಿಗೂ ಹೇಳಿ. ಆ ಟಕ ಟಕ, ತುದೀಲಿ ಒಂದು ಕ್ಷಣ ಮೌನ, ಆಮೇಲೆ ಎಲ್ಲರ ಕಿರುಚು. ಮನೇಲಿ ಜೋಡಿಸುವಾಗ ಆ ಒಂದೇ ಸೌಂಡನ್ನ ಉದ್ದಕ್ಕೆ ಹಾಸಿ ಮೇಲೆ ನಿಮ್ಮ ಬೇರೆ ಬೇರೆ ರೌಂಡಿನ ಶಾಟುಗಳನ್ನ ಹಾಕಿ, ಹೊಲಿಗೆ ಗೊತ್ತೇ ಆಗಲ್ಲ. ಅದರ ಮೇಲೆ ಯಾವುದೋ ಹಾಡಿನ ಮ್ಯೂಸಿಕ್ ಹಾಕಿ ಮುಚ್ಬೇಡಿ, ಇದು ನನ್ನ ಕೋರಿಕೆ.

ನೀರಿನ ಕಡೆ ಎರಡು ವಿಚಾರ. ಎಸಿ ಕಾರಿಂದ ತೆಗೆದ ಕ್ಯಾಮೆರಾವನ್ನ ತಕ್ಷಣ ವೇವ್ ಪೂಲ್ ಪಕ್ಕ ತೆಗೆದ್ರೆ ಲೆನ್ಸಿನ ಮೇಲೆ ಹಬೆ ಕೂರುತ್ತೆ, ಬ್ಯಾಗಲ್ಲೇ ಅರ್ಧ ಮುಕ್ಕಾಲು ಗಂಟೆ ಹೊರಗಿನ ಬಿಸಿಗೆ ಹೊಂದೋಕೆ ಬಿಡಿ. ಎರಡನೇದು ಕ್ಯಾಮೆರಾಗಿಂತ ದೊಡ್ಡದು. ಪೂಲಿನ ಕಡೆ ಬೇರೆಯವರ ಮನೆ ಹೆಣ್ಣುಮಕ್ಕಳು ಒದ್ದೆ ಬಟ್ಟೇಲಿ ಇರ್ತಾರೆ, ಮಕ್ಕಳು ಇರ್ತಾರೆ, ಅವರ ಕಡೆ ಲೆನ್ಸ್ ತಿರುಗಿಸಲೇಬಾರದು, ನಿಮ್ಮ ಮನಸ್ಸಲ್ಲಿ ಏನೂ ಇಲ್ಲದೇ ಇದ್ರೂ ಅವರಿಗೆ ಅದು ಗೊತ್ತಾಗಲ್ಲ, ಅವರ ಹೊಟ್ಟೆಯೊಳಗೆ ಸಂಕಟ ಆಗುತ್ತೆ. ನಾನು ನೀರಿನ ಭಾಗದಲ್ಲಿ ಕ್ಯಾಮೆರಾ ಬ್ಯಾಗಿಗೆ ಹಾಕಿಬಿಡ್ತೀನಿ, ನಮ್ಮವರು ಟವೆಲ್ ಸುತ್ಕೊಂಡು ನಡುಗ್ತಾ ಬಂದು ಬಿಸಿಬಿಸಿ ಏನಾದ್ರೂ ತಿನ್ನೋದನ್ನ ತೆಗೆದ್ರೆ ಸಾಕು. ಕ್ಯಾಮೆರಾ ಒಳಗೆ ತರಬಹುದಾ, ಎಲ್ಲೆಲ್ಲಿ ತೆಗೀಬಹುದು ಅನ್ನೋದನ್ನೂ ಗೇಟಲ್ಲೇ ಕೇಳಿ, ಆದಿಯೋಗಿ ಹತ್ರಾನೂ ಕೇಳಿ, ಬೇಡ ಅಂದ ಕಡೆ ಬೇಡ.

ದಸರಾವರೆಗೂ ಸುಮ್ಮನೆ ಕಾಯ್ಬೇಡಿ, ನಿಮ್ಮ ಕಡೆ ಮಧ್ಯದಲ್ಲಿ ಯಾವುದಾದ್ರೂ ಜಾತ್ರೆ, ಪರಿಷೆ ಬಂದ್ರೆ ಹೋಗಿ ಒಂದು ಸಂಜೆ ಪ್ರಾಕ್ಟೀಸ್ ಮಾಡಿ, ಟೋರಾ ಟೋರಾ, ಕೊಲಂಬಸ್ ಎಲ್ಲಾ ಇರ್ತವೆ, ಟಿಕೆಟ್ ತಗೊಳ್ಳದೇ ನಿಂತು ತೆಗೀಬಹುದು, ರೈಡ್ ನಡೆಸೋ ಹುಡುಗರಿಗೆ ಒಂದು ಮಾತು ಹೇಳಿ ನಿಂತ್ಕೊಳಿ ಅಷ್ಟೇ, ಅವರೇ ಎಲ್ಲಿ ನಿಂತ್ರೆ ಚೆನ್ನಾಗಿ ಕಾಣುತ್ತೆ ಅಂತ ತೋರಿಸ್ತಾರೆ.

ತೆಗೆದಿದ್ದನ್ನ ಹಾಗೇ ಒಂದೂವರೆ ಗಂಟೆ ತೋರಿಸ್ಬೇಡಿ. ನಾಲ್ಕೈದು ನಿಮಿಷಕ್ಕೆ ಕತ್ತರಿಸಿ, ಒಂದೊಂದು ಶಾಟು ಆರೇಳು ಸೆಕೆಂಡು ನಿಲ್ಲಲಿ, ಅಜ್ಜಿ ಕಣ್ಣಿಗೆ ಇದು ಯಾರು ಅಂತ ಗುರುತು ಸಿಗೋಕೆ ಅಷ್ಟು ಹೊತ್ತು ಬೇಕು. ಮನೆಯಿಂದ ಹೊರಡೋದರಿಂದ ಶುರು ಮಾಡಿ, ದಾರೀಲಿ ಬಿಡದಿ ತಟ್ಟೆ ಇಡ್ಲಿ ತಿಂದಿದ್ದೂ ಇರಲಿ (ಕ್ಯಾತ್ಸಂದ್ರದವರು ನಮ್ಮದೇ ಮೇಲು ಅಂತಾರೆ, ನಾನೂ ಅದೇ ಪಕ್ಷ). ಕಂಪ್ಯೂಟರಲ್ಲಿ ನೋಡುವಾಗ ಓಡೋ ವಸ್ತುವಿನ ಅಂಚಲ್ಲಿ ಬಾಚಣಿಗೆ ಹಲ್ಲಿನ ಥರ ಗೆರೆ ಕಂಡ್ರೆ ಗಾಬರಿ ಬೇಡ, ಹಳೇ ಹ್ಯಾಂಡಿಕ್ಯಾಮುಗಳು ಒಂದು ಚಿತ್ರವನ್ನ ಎರಡು ಅರ್ಧ ಮಾಡಿ ಬರೀತವೆ, ಎಡಿಟಿಂಗ್ ಸಾಫ್ಟ್‌ವೇರಲ್ಲಿ ಡಿಇಂಟರ್ಲೇಸ್ ಅನ್ನೋದು ಆನ್ ಮಾಡಿ ಎಕ್ಸ್‌ಪೋರ್ಟ್ ಮಾಡಿದ್ರೆ ಹೋಗುತ್ತೆ.

ಕೊನೇದಾಗಿ, ಹೋಗೋಕೆ ಮುಂಚೆ, ಸಾಧ್ಯ ಆದ್ರೆ ಈ ವಾರಾನೇ, ಆ ಕ್ಯಾಮೆರಾದ ಹಾರ್ಡ್ ಡಿಸ್ಕಲ್ಲಿ ಇರೋದನ್ನೆಲ್ಲ ಕಂಪ್ಯೂಟರಿಗೆ ಒಂದು, ಬೇರೆ ಡಿಸ್ಕಿಗೆ ಒಂದು, ಎರಡು ಕಾಪಿ ಮಾಡ್ಕೊಳಿ. ಇಷ್ಟು ಹಳೇ ಡಿಸ್ಕು ಯಾವತ್ತು ಬೇಕಾದ್ರೂ ನಿಲ್ಲಬಹುದು. ಭಾವ ಅಮೆರಿಕದಲ್ಲಿದ್ದಾಗಿನ ವಿಡಿಯೋಗಳು ಅದರಲ್ಲೇ ಇರೋ ಸಾಧ್ಯತೆ ಬಹಳ ಇದೆ, ಫೋಲ್ಡರ್ ತೆಗೆದು ನೋಡಿ, ಅಜ್ಜಿ ಅದನ್ನೂ ನೋಡಿರ್ಲಿಕ್ಕಿಲ್ಲ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಮನೇಲೇ ರೆಕಾರ್ಡಿಂಗ್ ಹಾಕಿಟ್ಟು ಎಷ್ಟು ನಿಮಿಷ ಬರುತ್ತೆ ಅಂತ ಗಡಿಯಾರ ನೋಡಿ ಬರ್ಕೊಳಿ, ಇಪ್ಪತ್ತು ನಿಮಿಷಕ್ಕೇ ಮಲಗಿಬಿಟ್ರೆ ಇನ್ನೊಂದು ಬ್ಯಾಟರಿ ತಗೊಳಿ, ಖರ್ಚು ಮಾಡ್ಲೇಬೇಕು ಅಂದ್ರೆ ಅದೊಂದಕ್ಕೆ ಮಾಡಿ.